ವೃಕೋದರನ ಪಾಲು

ಮಲಗುವಾಗ ಮಕ್ಕಳಿಗೆ ಹೇಳಿಕೊಡುವ ಪುಟ್ಟ ಶ್ಲೋಕವೊಂದಿದೆ. ರಾಮ, ಸ್ಕಂದ, ಹನುಮಂತ, ಗರುಡ, ಭೀಮ, ಈ 5 ಹೆಸರು ನೆನೆದರೆ ಕೆಟ್ಟ ಕನಸು ಬೀಳದಂತೆ. ಅಲ್ಲಿ ಭೀಮ ವೃಕೋದರನಾಗಿ ಬರುತ್ತಾನೆ, ಅಂದರೆ ತೋಳದ ಹೊಟ್ಟೆಯವನು. ನಾಲ್ಕು ವರ್ಷದ ಮೊಮ್ಮಗಳ ಬಾಯಲ್ಲಿ ಅವನು ‘ರುಕೋದರ’. ತಿದ್ದಲು ಹೋದೆ, ಆಕಳಿಸಿದಳು, ಬಿಟ್ಟೆ. ಅರ್ಥ ಹೇಳಿದ ದಿನ ಮಾತ್ರ ಎದ್ದು ಕೂತಳು. “ಅಜ್ಜಿ, ಅವನಿಗೆ ರಾತ್ರಿ ಹಸಿವಾದ್ರೆ?” ಹೌದಲ್ಲ, ಇಷ್ಟು ವರ್ಷ ಹೇಳಿದರೂ ನನಗೆ ಹೊಳೆದೇ ಇರಲಿಲ್ಲ! ಉಚ್ಚಾರಕ್ಕಿಂತ ನನಗೆ ದೀಪ ಆರಿಸಿದ ಮೇಲಿನ ಈ ಮಾತೇ ಹೆಚ್ಚು. ಹಗಲಿನ ಜಗಳ, ಶಾಲೆಯ ಭಯ ಬಾಯಿಬಿಡುವುದು ಆ ಕತ್ತಲಲ್ಲೇ. ನಿನ್ನೆ ಬೆಳಿಗ್ಗೆ ದಿಂಬಿನ ಪಕ್ಕ ಅರ್ಧ ರಸ್ಕು ಸಿಕ್ಕಿತು. ಭೀಮನಿಗಂತೆ. ಇರುವೆಗಳು ಆಗಲೇ ಸಾಲುಗಟ್ಟಿದ್ದವು.