ರೊಟ್ಟಿಯ ಕಂದು, ರಕ್ತದ ಸಕ್ಕರೆ

ಮಕ್ಕಳೇ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟಿನಿಂದ ಬಂದವರ ಕ್ಯಾಂಪ್ ಇದೆಯಲ್ಲ, ಅಲ್ಲಿನ ಮನೆಗಳಲ್ಲಿ ದಪ್ಪನೆಯ ಟಿಬೆಟನ್ ಬ್ರೆಡ್ ಬೇಯುತ್ತದೆ. ಸುತ್ತಲ ಹಳ್ಳಿಗಳಲ್ಲಿ ಅಕ್ಕಿರೊಟ್ಟಿ. ಎರಡರ ಮೇಲೂ ಏಳುವ ಆ ಕಂದು ಬಣ್ಣ, ಆ ಘಮ ಎಲ್ಲಿಂದ ಬಂತು? ಹಿಟ್ಟಿನಲ್ಲಿರುವ ಸಕ್ಕರೆ ಬಿಸಿಗೆ ಪ್ರೋಟೀನಿನ ಜೊತೆ ಅಂಟಿಕೊಂಡಿದ್ದರಿಂದ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ಇದನ್ನು ವಿವರಿಸಿದರು.

ಈ ಅಂಟುವಿಕೆ ನಮ್ಮ ರಕ್ತದಲ್ಲೂ ನಡೆಯುತ್ತದೆ! ಮೈಯ ಬಿಸಿ ಬರೀ 37 ಡಿಗ್ರಿ, ಹಾಗಾಗಿ ಬಲು ನಿಧಾನ. ಗ್ಲೂಕೋಸ್ ಕೂಡ ಅಷ್ಟೇನೂ ಅಂಟುಬುರುಕನಲ್ಲ.

ಅದು ಒಡೆದಾಗ ಮಾತ್ರ ಕಥೆಯೇ ಬೇರೆ. ಗ್ಲೂಕೋಸಿನಲ್ಲಿ ಆರು ಇಂಗಾಲದ ಪರಮಾಣುಗಳಿವೆ. ಜೀವಕೋಶ ಶಕ್ತಿಗಾಗಿ ಅದನ್ನು ಮೂರು ಮೂರು ಇಂಗಾಲದ ಎರಡು ತುಂಡು ಮಾಡುತ್ತದೆ. ಆ ತುಂಡುಗಳಲ್ಲಿ ಒಂದಿಷ್ಟು ದಾರಿ ತಪ್ಪಿ ಮಿಥೈಲ್‌ಗ್ಲೈಆಕ್ಸಾಲ್ ಆಗಿಬಿಡುತ್ತವೆ. ಹೆಸರು ಉದ್ದ, ಅಣು ಪುಟಾಣಿ. ಪ್ರೋಟೀನಿಗೆ ಅಂಟುವುದರಲ್ಲಿ ಗ್ಲೂಕೋಸಿಗಿಂತ ಸಾವಿರಾರು ಪಟ್ಟು ಚುರುಕು.

ಇದು ನಿಮ್ಮಲ್ಲೂ ಹುಟ್ಟುತ್ತದೆ, ನನ್ನಲ್ಲೂ ಹುಟ್ಟುತ್ತದೆ. ಹೆದರಬೇಡಿ, ಕಾವಲೂ ಇದೆ. ಗ್ಲೈಆಕ್ಸಲೇಸ್ ಎಂಬ ಕಿಣ್ವಗಳು ಅದನ್ನು ಹಿಡಿದು ನಿರಪಾಯದ ಲ್ಯಾಕ್ಟೇಟ್ ಮಾಡಿಬಿಡುತ್ತವೆ. ವಿಜ್ಞಾನಿಗಳಿಗೆ ಈ ಕಾವಲು ಕಂಡಿದ್ದು 1913ರಲ್ಲಿ. ಮೈಯೊಳಗೆ ಸದ್ದಿಲ್ಲದೆ ಹಗಲಿರುಳು ನಡೆಯುವ ಈ ಕೆಲಸ ನನಗೆ ಬಹಳ ಮೆಚ್ಚುಗೆ.

ಸಕ್ಕರೆ ಕಾಯಿಲೆಯಲ್ಲಿ ಈ ಕಾವಲಿಗೆ ಕೆಲಸ ಹೆಚ್ಚಾಗುತ್ತದೆ. ಮಾಂಸಖಂಡಕ್ಕೆ ಗ್ಲೂಕೋಸ್ ಚೆನ್ನಾಗಿ ಒಳಬರಲು ಇನ್ಸುಲಿನ್ ಎಂಬ ಹಾರ್ಮೋನು ಬೇಕು. ಕೆಂಪು ರಕ್ತಕಣ, ನರ, ರಕ್ತನಾಳದ ಒಳಪದರಗಳಿಗೆ ಬೇಡ. ರಕ್ತದಲ್ಲಿ ಸಕ್ಕರೆ ಏರಿದರೆ ಅವುಗಳೊಳಗೂ ಏರುತ್ತದೆ. ಹೆಚ್ಚು ಗ್ಲೂಕೋಸ್ ಒಡೆದಷ್ಟೂ ಹೆಚ್ಚು ಮಿಥೈಲ್‌ಗ್ಲೈಆಕ್ಸಾಲ್. ಇನ್ಸುಲಿನ್ ತೀರಾ ಕಡಿಮೆಯಾದರೆ ಮೈ ಕೊಬ್ಬನ್ನು ಕರಗಿಸತೊಡಗುತ್ತದೆ. ಆಗ ಬರುವ ಅಸಿಟೋನಿನಿಂದಲೂ ಇದೇ ವಸ್ತು ಹುಟ್ಟುತ್ತದೆ. ವರ್ಷಗಟ್ಟಲೆ ಹೀಗೇ ಅಂಟುತ್ತಾ ಹೋದರೆ ರಕ್ತನಾಳದ ಗೋಡೆ ಬಿರುಸಾಗುತ್ತದೆ, ಕಣ್ಣು, ಮೂತ್ರಪಿಂಡ, ನರಗಳು ಸೊರಗುತ್ತವೆ.

ಗ್ಲೂಕೋಸ್ ತಾನೇ ಎಷ್ಟು ಅಂಟಿದೆ ಎಂಬುದನ್ನು ಅಳೆಯಬಹುದು. ಸಕ್ಕರೆ ಕಾಯಿಲೆಯವರ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಬೇರೆ ಥರ ಇರುವುದನ್ನು ಇರಾನಿನ ಸ್ಯಾಮ್ಯುಯೆಲ್ ರಹಬರ್ 1968ರಲ್ಲಿ ಗುರುತಿಸಿದರು. ಅದರಿಂದ ಬಂದದ್ದೇ ಎಚ್‌ಬಿಎ1ಸಿ ಪರೀಕ್ಷೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನವೂ ಸಕ್ಕರೆ ಅಂಟಿಸಿಕೊಳ್ಳುತ್ತಾ ಓಡಾಡುತ್ತದೆ. ಆದ್ದರಿಂದ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ಪರೀಕ್ಷೆಯ ಹಿಂದಿನ ದಿನ ಅಜ್ಜ ಸಿಹಿ ಬಿಟ್ಟರೂ ಈ ಅಂಕಿ ಇಳಿಯದು! ಶೇ. 6.5 ಅಥವಾ ಹೆಚ್ಚು ಬಂದರೆ ವೈದ್ಯರು ಸಕ್ಕರೆ ಕಾಯಿಲೆ ಎನ್ನುತ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಅವರ ರಕ್ತಪರೀಕ್ಷೆಯ ಚೀಟಿಯಲ್ಲಿ ಈ ಅಂಕಿಯನ್ನು ಹುಡುಕಿ. ಅದು ಏನನ್ನು ಎಣಿಸುತ್ತದೆ ಎಂದು ಅವರಿಗೆ ನೀವೇ ಹೇಳಿಕೊಡಿ.