ಬಂಡೆಯ ಮೇಲಿನ ನಾಯಿ, ಯಾವ ನಾಯಿ?



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ನಾಯಿಗೂ ಬೇಟೆಗೂ ಇರುವ ನಂಟನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರು ನಾಯಿಗುತ್ತಿಯನ್ನೂ ಅವನ ಹುಲಿಯನನ್ನೂ ಬಲ್ಲರು. ಆದರೆ ಮನುಷ್ಯ ಮತ್ತು ನಾಯಿಯ ಈ ಸಖ್ಯ ಎಷ್ಟು ಹಳೆಯದು? ಬರಹವಿಲ್ಲದ ಕಾಲಕ್ಕೆ ಬಂಡೆಗಲ್ಲಿನ ಚಿತ್ರಗಳು ಒಂದು ಮುಖ್ಯ ಸಾಕ್ಷಿ.

ಆ ಸಾಕ್ಷಿಯನ್ನು ಓದುವುದು ಸುಲಭವಲ್ಲ. ಜಿಂಕೆಯ ಹಿಂದೆ ಓಡುವ ಪ್ರಾಣಿಯ ಚಿತ್ರ ಕಂಡೊಡನೆ ಅದು ಸಾಕುನಾಯಿ ಎನ್ನುವಂತಿಲ್ಲ. ತೋಳವಿರಬಹುದು, ಮನುಷ್ಯನಿಗೆ ಎಂದೂ ಒಗ್ಗದ, ನಮ್ಮ ಕಾಡಿನ ಸೀಳುನಾಯಿಯೂ ಇರಬಹುದು. ಆದ್ದರಿಂದ ತಜ್ಞರು ಬಾಲ, ಕಿವಿಗಳ ಆಕಾರದ ಜೊತೆಗೆ ಪ್ರಾಣಿ ಮನುಷ್ಯನ ಪಕ್ಕದಲ್ಲಿದೆಯೇ ಎಂಬುದನ್ನೂ ನೋಡುತ್ತಾರೆ. ಸೌದಿ ಅರೇಬಿಯಾದ ಶುವೈಮಿಸ್‌ನ ಬಂಡೆಗಳಲ್ಲಿ ಬೇಟೆಗಾರನ ಸೊಂಟದಿಂದ ನಾಯಿಗಳ ಕೊರಳಿಗೆ ಗೆರೆಗಳಿವೆ. 2017ರಲ್ಲಿ ಪ್ರಕಟವಾದ ಅಧ್ಯಯನ ಅವನ್ನು ಹಗ್ಗಗಳಿರಬಹುದೆಂದು ಗುರುತಿಸಿ, ಚಿತ್ರಗಳಿಗೆ 8000 ವರ್ಷಗಳಿಗೂ ಹೆಚ್ಚು ವಯಸ್ಸನ್ನು ಅಂದಾಜು ಮಾಡಿತು. ಕಾಶ್ಮೀರದ ಬುರ್ಜಹೋಮ್‌ನಲ್ಲಿ ದೊರೆತ ನವಶಿಲಾಯುಗದ ಚಪ್ಪಡಿಯಲ್ಲಿ ಸಾರಂಗ, ಬೇಟೆಗಾರರು ಮತ್ತು ನಾಯಿ ಒಟ್ಟಿಗೇ ಇವೆ. ಅಲ್ಲಿನ ಸಮಾಧಿಗಳಲ್ಲಿ ನಾಯಿಯ ಎಲುಬುಗಳೂ ಸಿಕ್ಕಿವೆ.

ಹೊಸನಗರ ತಾಲ್ಲೂಕಿನ ನಿಲಸ್ಕಲ್, ಬೈಸೆಗಳಲ್ಲಿ ಬೃಹತ್ ಶಿಲಾಯುಗದ ನಿಲುವುಗಲ್ಲುಗಳಿವೆ. ಆದರೆ ಬೇಟೆಯ ವಿಷಯ ಅವುಗಳಿಂದ ತಿಳಿಯದು. ಚಿತ್ರದ ಜೊತೆಗೆ ಅಕ್ಷರವೂ ಸೇರಿದಾಗ ಸಂದೇಹ ಪೂರ್ಣ ಕಳೆಯುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಅಂಥದು. ಅದರ ಕಾಲ ಕ್ರಿ.ಶ. 949–50. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ದೊರೆ ಬೂತುಗ ವರ ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಬೆಟ್ಟದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಪರಸ್ಪರ ಕಾದಾಡಿ ಸತ್ತವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿಯ ದತ್ತಿಯೂ ಆಯಿತು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನಮ್ಮ ಮೂರೂ ತಾಲ್ಲೂಕುಗಳ ಗದ್ದೆಯ ಬದುಗಳಲ್ಲಿ, ಗುಡಿಗಳ ಅಂಗಳದಲ್ಲಿ ವೀರಗಲ್ಲುಗಳು ಒರಗಿವೆ. ಬಟ್ಟೆ ಒಗೆಯಲು, ಮೆಟ್ಟಿಲಿಗೆ ಬಳಸಿದ ಕಲ್ಲಿನಲ್ಲಿ ಮೊದಲು ಸವೆಯುವುದು ಬಾಲ, ಕಿವಿ, ಹಗ್ಗದಂಥ ಸಣ್ಣ ಗೆರೆಗಳೇ. ಅವು ಹೋದರೆ ನಾಯಿ ಯಾವುದು, ತೋಳ ಯಾವುದು ಎಂದು ಹೇಳುವವರಿಲ್ಲ. ಕಾಳಿಯ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಆ ನಾಯಿಯ ಪಾಪ ತಟ್ಟಲಿ ಎಂದು ಆತಕೂರಿನ ಶಾಸನ ವಿಧಿಸಿತು. ನಮಗೆ ಪೂಜೆಯ ಹೊರೆಯಿಲ್ಲ. ಕಲ್ಲನ್ನು ಇದ್ದಂತೆಯೇ ಉಳಿಸಿದರೆ ಸಾಕು.