ಉರಿಮೂತ್ರ: ಬಾಯಿಬಿಟ್ಟು ಹೇಳಬೇಕಾದ ಬೇನೆ

(ಬಾದನಹಟ್ಟಿಯ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆಯ ಬಗ್ಗೆ ಸೇರಿದ ಸಭೆಯಲ್ಲಿ ಈ ಮೇಡಂ ಉರಿಮೂತ್ರದ ಮಾತು ಯಾಕೆ ತೆಗೆದರು ಅಂತ ಕೆಲವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದೀರಿ. ನಗಿರಿ, ನಾನೂ ನಾಚಿಕೊಂಡವಳೇ. ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ, ತಡೆದುಕೊಂಡು, ಮತ್ತೆ ಮತ್ತೆ ಉರಿ ಅನುಭವಿಸಿದೆ. ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕಥೆ ಕೇಳಿ. ಮದುವೆಯಾದ ತಿಂಗಳೊಳಗೆ ಒಂದಕ್ಕೆ ಹೋದರೆ ಉರಿ, ಪದೇ ಪದೇ ಅವಸರ, ಕಿಬ್ಬೊಟ್ಟೆ ನೋವು. ಅತ್ತೆ, "ಕೆಟ್ಟ ರೋಗ, ತವರಿನಿಂದಲೇ ತಂದಾಳ" ಅಂದರು. ಗಂಡ, "ಬಾಕಿ ಬಂಗಾರ ಬರಲಿ, ಆಮೇಲೆ ದವಾಖಾನೆ" ಅಂದ. ಎಳನೀರು, ಬಾರ್ಲಿ ಗಂಜಿಯಲ್ಲಿ ಎಂಟು ದಿನ ಕಳೆಯಿತು. ಆಮೇಲೆ ಚಳಿಜ್ವರ, ಪಕ್ಕೆನೋವು, ವಾಂತಿ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ತವರಿನವರು ಬಳ್ಳಾರಿಗೆ ಒಯ್ದು ಇಂಜೆಕ್ಷನ್, ಸಲಾಯಿನ್ ಹಾಕಿಸಿ ಉಳಿಸಿಕೊಂಡರು.

ಇದು ನಡತೆಗೆಟ್ಟವರ ರೋಗವಲ್ಲ. ನಮ್ಮ ಕರುಳಿನಲ್ಲೇ ಇರುವ ಇ. ಕೊಲೈ ಎಂಬ ಸೂಕ್ಷ್ಮಜೀವಿ ಮೂತ್ರನಾಳ ಸೇರಿದರೆ ಸಾಮಾನ್ಯವಾಗಿ ಇದು ಬರುತ್ತದೆ. ಹೆಂಗಸರಿಗೆ ಆ ನಾಳ ಸುಮಾರು 4 ಸೆಂಟಿಮೀಟರ್ ಮಾತ್ರ, ಗುದದ್ವಾರಕ್ಕೂ ಹತ್ತಿರ. ಗಂಡನ ಜೊತೆ ಕೂಡಿದಾಗ ಜೀವಾಣು ಒಳಕ್ಕೆ ಸರಿಯುವುದುಂಟು. ಹೊಸ ಮದುವಣಗಿತ್ತಿಯರಲ್ಲಿ ಕಾಣುವುದು ಅದಕ್ಕೇ. ಅದು ಯಾರ ತಪ್ಪೂ ಅಲ್ಲ. (ಬಲವಂತ ಮಾಡುವವನ ಮಾತು ಬೇರೆ.) ಹುಣ್ಣು, ವಾಸನೆಯ ಬಿಳಿಸೆರಗು ಇದ್ದರೆ ಮಾತ್ರ ಬೇರೆ ಪರೀಕ್ಷೆ ಬೇಕು.

ಮೂತ್ರ ಪರೀಕ್ಷೆ ಮಾಡಿಸಿ. ಸಾದಾ ಸೋಂಕಿಗೆ ವೈದ್ಯರು ನೈಟ್ರೋಫ್ಯುರಾಂಟಾಯಿನ್ ಮಾತ್ರೆ 5 ದಿನ, ಇಲ್ಲವೆ ಫಾಸ್ಫೊಮೈಸಿನ್ ಪುಡಿ ಒಂದೇ ಸಲ ಬರೆಯುವುದುಂಟು. ಎರಡು ಮಾತ್ರೆಗೆ ಉರಿ ನಿಂತಿತೆಂದು ಉಳಿದದ್ದನ್ನು ಗೂಡಿನಲ್ಲಿಟ್ಟು ನೆರೆಯವಳಿಗೆ ಕೊಡಬೇಡಿ. ಅರ್ಧ ಔಷಧಿಗೆ ಸಾಯದ ಜೀವಾಣು ಮುಂದೆ ಪೂರ್ತಿ ಔಷಧಿಗೂ ಬಗ್ಗದಂತಾಗಬಹುದು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಜ್ವರ ಬಂದವರು ಒಂದು ದಿನವೂ ಕಾಯಬಾರದು. ಹೆಚ್ಚು ನೀರು ಕುಡಿಯುವುದು, ಕೂಡಿದ ಮೇಲೆ ಮೂತ್ರ ಮಾಡುವುದು, ಮುಂದಿನಿಂದ ಹಿಂದಕ್ಕೆ ತೊಳೆಯುವುದು ಮತ್ತೆ ಬರದಂತೆ ನೆರವಾಗುತ್ತವೆ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಹೆಣ್ಣಿನ ಆರೋಗ್ಯ ಕೆಡಿಸುವ ನಡವಳಿಕೆಯೂ ವರದಕ್ಷಿಣೆಗಾಗಿ ಪೀಡಿಸುವುದೂ ಹಿಂಸೆಯೇ. ದವಾಖಾನೆಯ ಖರ್ಚನ್ನು ಕೊಡಿಸಿರೆಂದು ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ಆ ಹುಡುಗಿ ಚೀಟಿಗಳನ್ನೆಲ್ಲ ಎತ್ತಿಟ್ಟುಕೊಂಡಿದ್ದಾಳೆ. ನಿಮ್ಮ ಸಂಘದಲ್ಲೂ ಯಾರಾದರೂ ದವಾಖಾನೆಗೆಂದು ಸಾಲ ಕೇಳಿದರೆ, ಏನು ಬೇನೆ ಅಂತ ಎಲ್ಲರೆದುರು ಕೇಳದೆ, ಮುಂದಿನ ವಾರದ ಸಭೆಯವರೆಗೆ ಕಾಯಿಸದೆ ಕೊಡಿ.